ಬೀಸದ ಬಲಗೈ

ಪಂಕ್ಚರ್ ತೇಪೆಗೆ ಹಚ್ಚುವ ಅಂಟಿನ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಮೂಗಿನಿಂದ ನೇರ ತಲೆಗೇರುವಂಥದು. ರೋಗಿಗಳೆಲ್ಲ 'ನಡಿಗೆ ಅಕ್ಕ' ಎಂದು ಕರೆಯುವ ಇವರಿಗೆ ಬಾಲ್ಯವೆಂದರೆ ಈ ವಾಸನೆಯೇ. ಶಾಲೆ ಬಿಟ್ಟ ಮೇಲೆ ಅಪ್ಪನ ಸೈಕಲ್ ಅಂಗಡಿಯಲ್ಲಿ ಮಗುಚಿಟ್ಟ ಡಬ್ಬದ ಮೇಲೆ ಕೂತು, ಗಾಲಿ ಎಲ್ಲಿ ಬೆಂಡಾಗಿದೆ ಎಂದು ಗುರುತಿಸುವುದು ಅವರ ಆಟ. "ನಿಂತಿರೋ ಗಾಲಿ ನೋಡಿದ್ರೆ ಏನೂ ತಿಳಿಯಲ್ಲ ಮಗಳೇ, ತಿರುಗಿಸಿ ನೋಡು" ಎನ್ನುತ್ತಿದ್ದರು ಅಪ್ಪ. ಈಗ ಬೆಳಕು ಹರಿಯುವ ಹೊತ್ತಿಗೆ, ಜನರ ನಡಿಗೆ ಸರಿಪಡಿಸುವ ತಮ್ಮ ಕ್ಲಿನಿಕ್ಕಿನಲ್ಲಿ ಎರಡೂ ಬದಿ ಅಂಟುವ ಟೇಪಿನ ಹೊಸ ಸುರುಳಿ ಬಿಚ್ಚಿದರೆ, ಅದೇ ವಾಸನೆಯ ದೂರದ ನೆಂಟ ಬಂದು ಮೂಗಿನಲ್ಲಿ ಕೂರುತ್ತಾನೆ.

ಈ ಉದ್ದನೆಯ ಕೋಣೆ ಹಿಂದೆ ಸಿದ್ಧ ಉಡುಪು ಹೊಲಿಯುವ ಕಾರ್ಖಾನೆಯಾಗಿತ್ತು. ಇಸ್ತ್ರಿ ಪೆಟ್ಟಿಗೆಯ ವೈರುಗಳನ್ನು ನೇತುಹಾಕುತ್ತಿದ್ದ ಕೊಕ್ಕೆಗಳಿಗೆ ಈಗ ಕ್ಯಾಮೆರಾಗಳನ್ನು ಬಿಗಿದಿದ್ದಾರೆ. ನೆಲದ ಮೇಲೆ ಗೋಡೆಯಿಂದ ಗೋಡೆಗೆ ಬೂದು ಬಣ್ಣದ ನಡೆದಾರಿ. ಬಿಸಿಲು ಬಿದ್ದರೆ ಕ್ಯಾಮೆರಾ ತಬ್ಬಿಬ್ಬಾಗುತ್ತದೆ, ಹಾಗಾಗಿ ಕಿಟಕಿಗಳಿಗೆಲ್ಲ ದಪ್ಪ ಪರದೆ. ಬಂದವರ ಭುಜ, ಮೊಣಕೈ, ಸೊಂಟ, ಮಂಡಿ, ಹಿಮ್ಮಡಿಗಳಿಗೆ ಬಟಾಣಿ ಗಾತ್ರದ ಹೊಳೆಯುವ ಗುಂಡುಗಳನ್ನು ಅಂಟಿಸಿ ನಡೆಸುತ್ತಾರೆ. ಕ್ಯಾಮೆರಾಗಳಿಗೆ ಕಾಣುವುದು ಆ ಗುಂಡುಗಳು ಮಾತ್ರ. ಕಂಪ್ಯೂಟರು ಅವನ್ನು ಗೆರೆಗಳಿಂದ ಜೋಡಿಸಿದರೆ ತೆರೆಯ ಮೇಲೆ ಒಂದು ಕಡ್ಡಿಗೊಂಬೆ ನಡೆಯತೊಡಗುತ್ತದೆ. ಅದಕ್ಕೆ ಬಟ್ಟೆಯಿಲ್ಲ, ಮುಖವಿಲ್ಲ, ನಡಿಗೆಯಷ್ಟೇ ಇದೆ. ಒಮ್ಮೆ ಯಾರದೋ ಜೇಬಿನಿಂದ ಚಾಕೊಲೇಟಿನ ಬೆಳ್ಳಿಕಾಗದ ಇಣುಕಿ, ಅವರಿಗೆ ತೆರೆಯ ಮೇಲೆ ಎರಡನೆಯ ಸೊಂಟ ಮೂಡಿತ್ತಂತೆ.

ಇವತ್ತು ಗುಂಡು ಅಂಟಿಸಿಕೊಂಡು ನಡೆದಾರಿಯ ಮೇಲೆ ನಡೆಯುತ್ತಿರುವವರು ಅಕ್ಕನ ನಾದಿನಿ. ಗಾಜಿನ ಆಚೆ, ಕಂಪ್ಯೂಟರಿನ ಮುಂದೆ ಕೂತಿರುವವರು ಅಕ್ಕ. ಕ್ಯಾಮೆರಾಗಳೆಲ್ಲ ಸರಿಯಾಗಿವೆಯೇ ಎಂದು ನೋಡಲು ರೋಗಿಗಳು ಬರುವ ಮೊದಲು ದಿನವೂ ನಡೆಯುವ ಪರೀಕ್ಷೆ ಇದು. ಮೊನ್ನೆ ಮೊನ್ನೆಯವರೆಗೂ ಜಾಗ ಅದಲುಬದಲಾಗಿತ್ತು. ನಡೆಯುವವರು ಅಕ್ಕ, ತೆರೆ ನೋಡುವವರು ನಾದಿನಿ.

"ಇವತ್ತು ಡ್ರೈವರ್ ಅಣ್ಣ ಬರ್ತಾರೆ. ಅವರಿಗೆ ಇನ್ನೂ ಹೇಳಿಲ್ಲ ಅಲ್ವಾ ಅತ್ತಿಗೆ?" ಎಂದು ನಡೆಯುತ್ತಲೇ ಕೇಳುತ್ತಾರೆ ನಾದಿನಿ.

"ಹೇಳ್ತೀನಿ. ನೀನು ನೆಟ್ಟಗೆ ನಡಿ. ಮದುವೆ ಮನೆಗೆ ಬಂದವಳ ಹಾಗೆ ಬಳುಕ್ಬೇಡ."

ಅಕ್ಕ ಫಿಸಿಯೋಥೆರಪಿ ಓದಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಮುರಿದ ಕಾಲು ಕೂಡಿಕೊಂಡರೆ ಅಲ್ಲಿಗೆ ಆಸ್ಪತ್ರೆಯ ಕೆಲಸ ಮುಗಿಯಿತು. ಆಮೇಲೆ ಆ ಮನುಷ್ಯ ಹೇಗೆ ನಡೆಯುತ್ತಾನೆಂದು ಕೇಳುವವರಿರಲಿಲ್ಲ. ಅಕ್ಕನಿಗೆ ಗಾಲಿ ತಿರುಗಿಸಿ ನೋಡುವ ಚಾಳಿ. ಬಾಗಿಲು ಮುಚ್ಚುತ್ತಿದ್ದ ಕಾಲೇಜೊಂದರ ಪ್ರಯೋಗಶಾಲೆಯಿಂದ ಈ ಹಳೆಯ ಯಂತ್ರಗಳನ್ನು ಗಂಟುಬಿದ್ದು ತಂದರು. ಕಂಪ್ಯೂಟರ್ ಓದಿ ಮನೆಯಲ್ಲಿದ್ದ ನಾದಿನಿಯನ್ನು ಎಳೆದುತಂದು ಅವುಗಳ ಮುಂದೆ ಕೂರಿಸಿದರು. ಮೊದಲ ವರ್ಷ ಜನ ಬಾಗಿಲಲ್ಲಿ ಇಣುಕಿ, ಕ್ಯಾಮೆರಾ ಕಂಡು, ಫೋಟೋ ಸ್ಟುಡಿಯೋ ಎಂದುಕೊಂಡು ಹೋಗಿಬಿಡುತ್ತಿದ್ದರಂತೆ. ಒಬ್ಬ ಅಜ್ಜಿ ತಲೆ ಬಾಚಿಕೊಂಡು ಬಂದು, "ನನ್ನ ಬಲಗಡೆ ಮುಖ ಚೆನ್ನಾಗಿ ಬರುತ್ತೆ, ಆ ಕಡೆಯಿಂದ ತೆಗಿ" ಎಂದಿದ್ದರು. ಈಗ ಬೆಳಗ್ಗೆಯಿಂದ ಸಂಜೆವರೆಗೆ ಬೆಂಚು ಖಾಲಿಯಿರುವುದಿಲ್ಲ. ಆದರೂ ಅಕ್ಕನ ಹೆಸರು ಯಾವ ಫಲಕದಲ್ಲೂ ಇಲ್ಲ. ಚೇತರಿಸಿಕೊಂಡವರು ನೆನೆಯುವುದು ಆಪರೇಷನ್ ಮಾಡಿದ ಡಾಕ್ಟರನ್ನು. ಅಕ್ಕ ನಗುತ್ತಾರೆ: "ನಡೆಯೋದು ಮರೆತೇಹೋಗೋ ಅಷ್ಟು ಸಲೀಸಾಗಿ ನಡೆದ್ರೆ, ನಡೆಸಿದವಳನ್ನೂ ಮರೀತಾರೆ. ಅದು ಒಳ್ಳೇದೇ."

ಈ ಕ್ಲಿನಿಕ್ಕಿಗೆ ಒಂದು ಕ್ರಮವಿದೆ. ವಾರದ ಕಡ್ಡಿಗೊಂಬೆಗಳನ್ನೆಲ್ಲ ನಾದಿನಿ ಶನಿವಾರ ಮಧ್ಯಾಹ್ನ ಕಲಸುಮೇಲೋಗರ ಮಾಡಿ, ಹೆಸರು ಮರೆಮಾಡಿ, ಒಂದೊಂದಾಗಿ ತೆರೆಗೆ ಬಿಡುತ್ತಾರೆ. ಯಾರದೆಂದು ತಿಳಿಯದೆಯೇ ಅಕ್ಕ ಕಂಡದ್ದನ್ನು ಹೇಳಬೇಕು. ಹೇಳಿದ ಮೇಲಷ್ಟೇ ಹೆಸರು. ಯಾಕೆ ಇಷ್ಟು ಸುತ್ತು?

"ಮುಖ ಕಂಡ್ರೆ ಕನಿಕರ ಬರುತ್ತೆ. ಪಾಪ, ಪರವಾಗಿಲ್ಲ, ಸುಧಾರಿಸಿದ್ದಾರೆ ಅಂದ್ಬಿಡ್ತೀನಿ. ಕಡ್ಡಿಗೊಂಬೆ ಮುಂದೆ ಸುಳ್ಳು ಹೇಳೋಕೆ ನಾಲಿಗೆ ಬರಲ್ಲ."

ಎರಡು ತಿಂಗಳ ಹಿಂದಿನ ಒಂದು ಶನಿವಾರ. ಮಂಡಿ ಬದಲಿಸಿಕೊಂಡವರ ಗೊಂಬೆ ನಡೆದುಹೋಯಿತು. ಬೆನ್ನು ನೋವಿನವರದು ಹೋಯಿತು. ಮುಂದಿನದು ಬಂತು. ಅಕ್ಕ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟು ಕುರ್ಚಿ ಮುಂದೆ ಎಳೆದುಕೊಂಡರು.

"ನಿಲ್ಸು. ಇನ್ನೊಂದ್ಸಲ ಬಿಡು." ಗೊಂಬೆ ಮತ್ತೆ ನಡೆಯಿತು. "ಬಲಗೈ ನೋಡು. ಎಡಗೈ ಬೀಸ್ತಾ ಇದೆ, ಬಲಗೈ ಪಕ್ಕೆಗೆ ಅಂಟಿಕೊಂಡಿದೆ. ತಿರುಗುವಾಗ ಮೈಯೆಲ್ಲ ಒಂದೇ ದಿಮ್ಮಿ ಹಾಗೆ ತಿರುಗ್ತಿದೆ. ಇದು ಭುಜದ ನೋವಲ್ಲ ಕಣೇ, ಮೆದುಳಿಂದ ಬರ್ತಿರೋದು ಅನ್ಸುತ್ತೆ. ಈ ಮನುಷ್ಯ ಇಷ್ಟು ದಿನ ಏನು ಮಾಡ್ತಿದ್ದ? ಮನೆಯವರಿಗೆ ಕಣ್ಣಿಲ್ವಾ? ಸೋಮವಾರವೇ ನರರೋಗ ತಜ್ಞರ ಹತ್ರ ಕಳಿಸು. ಯಾರಿದು?"

ನಾದಿನಿ ಮರೆಮಾಡಿದ್ದ ಹೆಸರನ್ನು ತೆರೆದು ನೋಡಿದರು. ಬೆಳಗಿನ ಪರೀಕ್ಷೆಯ ಕಡತವನ್ನು ಆಯಾ ದಿನವೇ ಅಳಿಸಿಹಾಕಬೇಕು. ಶುಕ್ರವಾರದ್ದನ್ನು ಅಳಿಸಲು ಮರೆತಿದ್ದರು. ಅದೂ ಉಳಿದವುಗಳ ಜೊತೆ ಸೇರಿಕೊಂಡಿತ್ತು.

"ಯಾರೇ ಇದು? ಬಾಯಿಗೇನಾಯ್ತು?"

"ಅತ್ತಿಗೆ... ಇದು ನೀವು."

ಅಕ್ಕ ನಕ್ಕುಬಿಟ್ಟರಂತೆ. ತಮಾಷೆಗೆ ನಕ್ಕದ್ದಲ್ಲ, ನೆಲ ಇದ್ದಕ್ಕಿದ್ದಂತೆ ಜಾರಿದಾಗ ಬಾಯಿಂದ ತಾನಾಗಿ ಹೊರಡುತ್ತದಲ್ಲ, ಅಂಥದೊಂದು ಸದ್ದು. ಆಮೇಲೆ ಒಂದರ ಹಿಂದೊಂದು ನೆಪ. ಅಂಟು ಸಡಿಲವಾಗಿರಬೇಕು. ಶುಕ್ರವಾರ ಭುಜ ಹಿಡಿದಿತ್ತು. ಕ್ಯಾಮೆರಾ ಹಳೆಯದು. "ದಿನಾ ರೋಗಿಗಳ ಬಾಯಲ್ಲಿ ಕೇಳಿ ಗದರಿಸೋ ನೆಪಗಳೇ. ಅಷ್ಟನ್ನೂ ನಾನೇ ಹೇಳಿದೆ, ಒಂದನ್ನೂ ಬಿಡಲಿಲ್ಲ" ಎಂದು ಈಗ ಹೇಳುತ್ತಾರೆ.

ಮತ್ತೆ ಗುಂಡು ಅಂಟಿಸಿಕೊಂಡು ನಡೆದರು. ಈ ಸಲ ಬಲಗೈ ಬೀಸಿತು, ಕವಾಯತಿನ ಸಿಪಾಯಿಯ ಹಾಗೆ ಬೀಸಿತು. ನೋಡು ನೋಡು, ಎಂದು ಅಕ್ಕ ಗೆದ್ದ ದನಿಯಲ್ಲಿ ಹೇಳಿದರು. ನಾದಿನಿಗೆ ಗೊತ್ತಿತ್ತು: ಗಮನ ಕೈಯ ಮೇಲೆಯೇ ಇದ್ದರೆ ಕೈ ಹೇಳಿದಂತೆ ಕೇಳುತ್ತದೆ, ಮನಸ್ಸನ್ನು ಬೇರೆಡೆಗೆ ಎಳೆಯಬೇಕು. ಅಕ್ಕನೇ ರೋಗಿಗಳಿಗೆ ಮಾಡುವ ಉಪಾಯ ಅದು. ಲೆಕ್ಕ ಕೇಳುತ್ತಾರೆ, ಊರಿನ ಸುದ್ದಿ ಕೇಳುತ್ತಾರೆ. ನಾದಿನಿ ಜಗಳ ತೆಗೆದರು.

"ಅಮ್ಮನ ಕಪಾಟನ್ನ ಗುಜರಿಗೆ ಹಾಕಿದ್ರಲ್ಲ, ನನ್ನನ್ನ ಒಂದು ಮಾತು ಕೇಳಿದ್ರಾ?"

"ಕಪಾಟಾ? ಗೆದ್ದಲು ಹಿಡಿದು ಟೊಳ್ಳಾಗಿದ್ದ ಕಪಾಟು ಅದು!" ಎಂದು ಅಕ್ಕ ನಡೆಯುತ್ತಲೇ ತಿರುಗಿಬಿದ್ದರು.

"ಹಿಂದಿನ ಹಲಗೆಗೆ ಮಾತ್ರ ಗೆದ್ದಲು. ಬಾಗಿಲು ಗಟ್ಟಿಯಾಗಿತ್ತು."

"ಬಾಗಿಲನ್ನ ತಗೊಂಡುಹೋಗಿ ತಲೆದಿಂಬು ಮಾಡ್ಕೋಬೇಕಿತ್ತು. ಆವತ್ತು ಕೇಳಿದ್ರೆ ನಮ್ಮನೇಲಿ ಜಾಗ ಇಲ್ಲ ಅಂದವಳು ಯಾರು? ಹತ್ತು ವರ್ಷ ಆದ್ಮೇಲೆ ಈಗ ನೆನಪಾಯ್ತಾ?"

ನಡೆದಾರಿ ಮುಗಿಯಿತು. ತೆರೆಯ ಮೇಲೆ ಕಡ್ಡಿಗೊಂಬೆಯ ಎಡಗೈ ಸಿಟ್ಟಿನಲ್ಲಿ ಹಾರಾಡುತ್ತಿತ್ತು. ಬಲಗೈ ಪಕ್ಕೆಯ ಬಳಿ ಮಡಚಿಕೊಂಡು ಸುಮ್ಮನಿತ್ತು.

"ಕಪಾಟು ಹಾಳಾಗಿ ಹೋಗ್ಲಿ ಅತ್ತಿಗೆ," ಎಂದರು ನಾದಿನಿ. "ಕೈ ನೋಡಿ."

ಪಾರ್ಕಿನ್ಸನ್ ಕಾಯಿಲೆಯ ಆರಂಭ ಎಂದರು ನರರೋಗ ತಜ್ಞರು. ಇಷ್ಟು ಬೇಗ ಸಿಕ್ಕಿದ್ದು ಒಳ್ಳೆಯದಾಯಿತು, ಮಾತ್ರೆಯಿದೆ, ಕೆಲಸ ಬಿಡಬೇಕಾಗಿಲ್ಲ ಎಂದರು. ಕೊನೆಗೆ, "ದಿನಾ ವ್ಯಾಯಾಮ ಬಹಳ ಮುಖ್ಯ. ಒಳ್ಳೆ ಫಿಸಿಯೋ ಯಾರಾದ್ರೂ ಗೊತ್ತಾ?" ಎಂದು ಕೇಳಿದಾಗ, ಅಷ್ಟೂ ಹೊತ್ತು ಅಳು ನುಂಗಿಕೊಂಡು ಕೂತಿದ್ದ ನಾದಿನಿ ಕಿಸಕ್ಕೆಂದು ನಕ್ಕರು. ಆ ನಗು ಅಳುವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಅಕ್ಕನ ಯಜಮಾನರು ಮನೆಯ ಬೀಗದ ಕೈಯನ್ನು ಎತ್ತಿಕೊಂಡು ನೋಡಿದರಂತೆ. "ವರ್ಷದಿಂದ ನೀನು ಬೀಗ ಎಡಗೈಲಿ ತೆಗೀತಿದ್ದೀಯ. ನಾನು ನೋಡ್ತಾನೇ ಇದ್ದೆ. ಅಭ್ಯಾಸ ಅಂದ್ಕೊಂಡೆ" ಎಂದರು. ಮನೆಯವರಿಗೆ ಕಣ್ಣಿಲ್ವಾ ಎಂದು ಶನಿವಾರ ತಾವೇ ಕೇಳಿದ್ದು ಅಕ್ಕನ ಎದೆಗೆ ಬಂದು ನಾಟಿತು. ಸಾವಿರಾರು ಜನರ ನಡಿಗೆ ಓದಿದ ಕಣ್ಣು. ಅದಕ್ಕೆ ತನ್ನದೇ ಕೈ ಕಂಡಿರಲಿಲ್ಲ. ಆ ಬೆರಗು, ಆ ದಿಗಿಲು ಇನ್ನೂ ಅವರನ್ನು ಬಿಟ್ಟಿಲ್ಲ. ಮಾತಿನ ನಡುವೆ ತಟಕ್ಕನೆ ನಿಂತು ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ, ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ.

ಕ್ಲಿನಿಕ್ ನಡೆಸುವುದು ಬೇರೆ, ನಡೆಯುವವರ ಪಕ್ಕ ನಿಲ್ಲುವುದು ಬೇರೆ. ಪಾರ್ಶ್ವವಾಯು ಆದವರು ಯಾವ ಗಳಿಗೆಯಲ್ಲಿ ಕುಸಿದಾರೆಂದು ಹೇಳಲಾಗದು. ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಹಿಂದಿನಿಂದ ಹಿಡಿದ ಕೈ ಅವರ ಬೀಳುವಿಕೆಗಿಂತ ಚುರುಕಾಗಿರಬೇಕು. ಯಾರೂ ಹೇಳುವ ಮೊದಲೇ ಅಕ್ಕ ನಿರ್ಧರಿಸಿದರು: ಇನ್ನು ಪಟ್ಟಿ ಹಿಡಿಯುವುದು ನಾದಿನಿ. ಸಹಾಯಕಿಯ ತರಬೇತಿಯನ್ನು ಅವರು ಮೊದಲೇ ಮುಗಿಸಿದ್ದರು, ಗಾಜಿನ ಹಿಂದೆ ಕೂತು ಅದು ತುಕ್ಕು ಹಿಡಿದಿತ್ತು ಅಷ್ಟೆ. ಉಳಿದ ರೋಗಿಗಳೆಲ್ಲ ಒಪ್ಪಿದ್ದಾರೆ. ಒಪ್ಪಿಸಬೇಕಾದವರು ಒಬ್ಬರಿದ್ದಾರೆ. ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದು, ಮಂಚದಿಂದ ನಡೆದಾರಿಗೆ ಅಕ್ಕನ ಕೈ ನಂಬಿ ಬಂದ ಲಾರಿ ಡ್ರೈವರ್. ಮಗಳ ಮನೆಗೆ ಹೋಗಿದ್ದವರು ಇವತ್ತು ವಾಪಸ್ಸು ಬರುತ್ತಿದ್ದಾರೆ.

ಬರುತ್ತಾರೆ. ಗುಂಡು ಅಂಟಿಸಿಕೊಳ್ಳುತ್ತಾರೆ. ಪಟ್ಟಿ ಹಿಡಿದ ನಾದಿನಿಯನ್ನು ಕಂಡು ಅಲ್ಲಿಯೇ ನಿಲ್ಲುತ್ತಾರೆ.

"ಅಕ್ಕಾ, ಇದೇನು? ನಿಮ್ಮ ಕೈ ಬೆನ್ನಿಗಿದ್ರೆ ನನಗೆ ಬ್ರೇಕ್ ಇದ್ದ ಹಾಗೆ. ಬ್ರೇಕ್ ಇಲ್ದೇ ನಾನು ಗಾಡಿ ಎತ್ತಲ್ಲ."

"ನನ್ನ ತೂಕ ನೋಡಿ ಅಣ್ಣ, ನಾನೂ ಬ್ರೇಕೇ," ಎನ್ನುತ್ತಾರೆ ನಾದಿನಿ.

ಡ್ರೈವರ್ ನಗುವುದಿಲ್ಲ. "ಕೂತ್ಕೊಂಡುಬಿಟ್ರಾ? ದೊಡ್ಡವರಾಗಿಬಿಟ್ರಾ ಅಕ್ಕ? ನಮ್ಮಂಥವರನ್ನ ಮುಟ್ಟೋಕೆ ಆಳು ಇಟ್ಕೊಂಡ್ರಾ?"

ಆ ಮಾತು ಅಕ್ಕನನ್ನು ಎಬ್ಬಿಸುತ್ತದೆ. ತೆರೆಯನ್ನು ಅವರ ಕಡೆಗೆ ತಿರುಗಿಸಿ ಒಂದು ಗೊಂಬೆ ಬಿಡುತ್ತಾರೆ. ಎಷ್ಟೋ ಸಲ ತನ್ನದೇ ಗೊಂಬೆ ನೋಡಿ ಪಳಗಿದ ಡ್ರೈವರ್, "ಇವನಿಗೂ ಒಂದು ಕೈ ಹೋಗಿದೆ ಪಾಪ," ಎನ್ನುತ್ತಾರೆ. "ಯಾರಿವನು?"

"ಇವನಲ್ಲ, ಇವಳು. ನಾನೇ. ನೀವು ಬಿದ್ರೆ ಈ ಕೈ ಹೊತ್ತಿಗೆ ಸರಿಯಾಗಿ ಬರಲ್ಲ. ಅದಕ್ಕೇ."

ಡ್ರೈವರ್ ತೆರೆ ನೋಡುತ್ತಾರೆ, ಅಕ್ಕನನ್ನು ನೋಡುತ್ತಾರೆ, ಮತ್ತೆ ತೆರೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ದಾರಿ ಹುಡುಕುವವರಂತೆ ತುಟಿ ಅಲ್ಲಾಡುತ್ತದೆ. ಕೊನೆಗೆ, ನಾದಿನಿಯ ಕೈಗೆ ಪಟ್ಟಿ ಸಿಗುವಂತೆ ತಿರುಗಿ ನಿಲ್ಲುತ್ತಾರೆ. ನಾದಿನಿ ಪಟ್ಟಿ ಹಿಡಿಯುತ್ತಾರೆ. ಎಡಗಾಲು ತಡವರಿಸುತ್ತದೆ, ಏಳುತ್ತದೆ, ಮುಂದಿನ ಜಾಗ ಹುಡುಕಿಕೊಳ್ಳುತ್ತದೆ. ಗಾಜಿನ ಆಚೆ ಅಕ್ಕ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಾರೆ. ಡ್ರೈವರ್ ಆ ತುದಿ ಮುಟ್ಟಿ ತಿರುಗಿದ ಮೇಲೆಯೇ ಅವರ ಉಸಿರು ಹೊರಗೆ ಬರುವುದು.

ಏನಾಸೆಯಿದೆ ಎಂದು ಕೇಳಿದರೆ ಅಕ್ಕ ಕೆಲಸದ ಮಾತನ್ನೇ ಆಡುತ್ತಾರೆ: "ಪ್ರತಿ ಶನಿವಾರ ನನ್ನ ಗೊಂಬೆನೂ ಉಳಿದವರ ಜೊತೆ ಕಲಸಿ ಬಿಡು ಅಂತ ಇವಳಿಗೆ ಹೇಳಿದ್ದೀನಿ. ದಿನಾ ವ್ಯಾಯಾಮ ಮಾಡ್ತಿದ್ದೀನಿ, ಇವಳ ಕೈಲಿ ಬೈಸಿಕೊಂಡು. ಒಂದು ಶನಿವಾರನಾದ್ರೂ ಅದು ನಂದು ಅಂತ ನನಗೆ ಗೊತ್ತಾಗಬಾರದು. ಅಷ್ಟು ಚೆನ್ನಾಗಿ ಬೀಸ್ಬೇಕು ಈ ಕೈ. ಅಷ್ಟೇ."

ಮಧ್ಯಾಹ್ನವಾಗಿದೆ. ಬೆಂಚಿನ ಮೇಲೆ ಅಕ್ಕ ಊಟದ ಡಬ್ಬಿ ತೆರೆಯಲು ಹೋಗುತ್ತಾರೆ. ಮುಚ್ಚಳ ಬಿಗಿಯಾಗಿದೆ, ಬಲಗೈ ಬೆರಳುಗಳು ಅದರ ಮೇಲೆ ನಿಧಾನವಾಗಿ ಸುತ್ತಾಡುತ್ತಿವೆ. ಪಕ್ಕದಲ್ಲಿ ಕೂತಿದ್ದ ಡ್ರೈವರ್ ಅತ್ತ ನೋಡದೆಯೇ ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಳ್ಳುತ್ತಾರೆ. ಎರಡು ಮಂಡಿಗಳ ನಡುವೆ ಒತ್ತಿ ಹಿಡಿದು, ಇರುವ ಒಂದು ಕೈಯಿಂದ ಮುಚ್ಚಳ ತಿರುಗಿಸುತ್ತಾರೆ. ಅನ್ನದ ಬಿಸಿ ಆವಿ ಮೇಲೇಳುತ್ತದೆ. ಕಿಟಕಿಯ ಪರದೆಯ ಕಡೆ ನೋಡುತ್ತಲೇ ಡಬ್ಬಿಯನ್ನು ಅಕ್ಕನ ಎಡಗೈಗೆ ಕೊಡುತ್ತಾರೆ.