ಕೆ.ಜಿ.ಗೆ ಎಷ್ಟು ಗೂಡು

ನಾನು ಡೋಲ್ಕರಮ್ಮನಿಗೆ ಎರಡು ಸಲ ಸುಳ್ಳು ಹೇಳಿದ್ದೇನೆ. ಮೊದಲನೆಯದು ಆಮೇಲೆ ಎಲ್ಲರಿಗೂ ಗೊತ್ತಾಯಿತು — ನಾಲ್ಕು ಜನ ಬೈದರು, ನಾನು ತಲೆ ತಗ್ಗಿಸಿ ನಿಂತೆ, ಅಲ್ಲಿಗೆ ಮುಗಿಯಿತು. ಎರಡನೆಯದು ಇವತ್ತಿನವರೆಗೂ ನನ್ನ ಹೊಟ್ಟೆಯಲ್ಲೇ ಇದೆ. ಅದನ್ನು ನಿಜವೆಂದು ನಂಬಿಕೊಂಡೇ ಆಕೆ ಕಣ್ಣು ಮುಚ್ಚಿದರು. ಇದನ್ನು ಬರೆಯಲು ಕೂತಿರುವುದು ಆ ಎರಡನೆಯದಕ್ಕಾಗಿ. ಆದರೆ ಮೊದಲನೆಯದನ್ನು ಹೇಳದಿದ್ದರೆ ಅದು ಅರ್ಥವಾಗುವುದಿಲ್ಲ.

ಹನೂರಿನ ಆಚೆ ಕಾಡಂಚಿನಲ್ಲಿ ಟಿಬೆಟ್ಟಿನಿಂದ ಬಂದವರ ಕ್ಯಾಂಪ್ ಇದೆ. ಮೊದಲು ಬಂದವರಿಗೆ ಮನೆ, ಹೊಲ ಸಿಕ್ಕಿ ಮುಸುಕಿನ ಜೋಳ ಬೆಳೆದುಕೊಂಡಿದ್ದರು. ಡೋಲ್ಕರಮ್ಮ ತಡವಾಗಿ ಬಂದವರು, ಎಂಬತ್ತರ ದಶಕದ ನಡುವೆ. ಗಂಡ ದಾರಿಯ ಹಿಮದಲ್ಲೇ ತೀರಿಕೊಂಡಿದ್ದ. ಹತ್ತು ವರ್ಷದ ಮಗಳು ಪೇಮಾಳನ್ನು ಕರೆದುಕೊಂಡು ಬಂದು, ಯಾರದೋ ಮನೆಯ ಹಿಂದಿನ ಕೋಣೆಯಲ್ಲಿ ಇದ್ದರು. ಅವರ ಹೆಸರು ಬರೀ ಡೋಲ್ಕರ್. ಅಮ್ಮ ಸೇರಿಸಿದವರು ನಾವು, ಕೊಳ್ಳೇಗಾಲದ ಮಹಿಳಾ ಮಂಡಳಿಯವರು. ವಾರಕ್ಕೊಮ್ಮೆ ಆರೇಳು ಹೆಂಗಸರು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆವು. ಹೀಗೆ ತಡವಾಗಿ ಬಂದ ಮನೆಗಳಿಗೆ ಸೀಮೆಎಣ್ಣೆ ಕಾರ್ಡು ಮಾಡಿಸುವುದು, ಆಸ್ಪತ್ರೆಯಲ್ಲಿ ಯಾವ ಕಿಟಕಿಗೆ ಹೋಗಬೇಕೆಂದು ತೋರಿಸುವುದು, ಬೇಲಿಯಲ್ಲಿರುವ ಯಾವ ಸೊಪ್ಪು ಸಾರಿಗೆ ಆಗುತ್ತದೆ ಎಂದು ಕಲಿಸುವುದು — ಇಂಥವು. ನನಗಾಗ ಮೂವತ್ತು ವರ್ಷ. ಸೇವೆ ಮಾಡುವವಳು ಅನಿಸಿಕೊಳ್ಳುವ ಹುಚ್ಚು ತಲೆಗೇರಿತ್ತು.

ನಮ್ಮದು ರೇಷ್ಮೆ ಸಾಕುವ ಮನೆ. ನನ್ನ ಕೈಗುಣ ಒಳ್ಳೆಯದೆಂದು ಊರೆಲ್ಲ ಹೇಳುತ್ತಿತ್ತು. ಊರು ಮರೆತಾಗ ನಾನೇ ನೆನಪಿಸುತ್ತಿದ್ದೆ. ಹೊಲವಿಲ್ಲದ ಈ ತಾಯಿ ಮಗಳಿಗೆ ರೇಷ್ಮೆ ಕಲಿಸಿದರೆ ಹೇಗೆ — ಈ ಯೋಚನೆ ನನ್ನದೇ. ಕ್ಯಾಂಪಿನವರು ಅರ್ಧ ಎಕರೆ ಬಿಟ್ಟುಕೊಟ್ಟರು, ಹಿಪ್ಪುನೇರಳೆ ಕಡ್ಡಿ ನೆಟ್ಟೆವು, ನಾಲ್ಕು ಕಡೆ ಬೇಡಿ ಹುಳುವಿನ ಮನೆ ಕಟ್ಟಿಸಿದೆವು. ಎಲ್ಲ ತಯಾರಾಗಿ, ನಾನು ಮರಿಹುಳುಗಳ ತಟ್ಟೆ ಹೊತ್ತುಕೊಂಡು ಹೋದ ದಿನ ಡೋಲ್ಕರಮ್ಮ ಬಾಗಿಲಲ್ಲೇ ತಡೆದು ಕೇಳಿದರು. ಅಷ್ಟರಲ್ಲಿ ನಮ್ಮ ಕಡೆಯ ಮಾತು ಅವರ ನಾಲಿಗೆಗೆ ಬಂದಿತ್ತು.

"ಗೂಡ್ನಿಂದ ನೂಲು ತಗೀತಾರಲ್ಲ ಗೌರಮ್ಮ, ಒಳಗಿರೋ ಉಳ ಎಲ್ಗೋಯ್ತದೆ?"

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಇವರು ಮಾಂಸ ತಿನ್ನುವ ಜನ. ನಾವು ಕೋಳಿಮೊಟ್ಟೆಯನ್ನೂ ಮನೆಯೊಳಗೆ ತರದವರು. ಇವರು ನನ್ನನ್ನು ಕೇಳುವುದೇ? ಹಾಗೆಂದು ಬಾಯಿಬಿಟ್ಟು ಅಂದೂಬಿಟ್ಟೆ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ.

"ಒಂದು ದೊಡ್ಡ ಪ್ರಾಣಿ ಸತ್ರೆ ಊರೇ ಉಣ್ತದೆ. ಒಂದೇ ಜೀವ ಓಯ್ತದೆ. ಒಂದ್ ಸೀರೆಗೆ ಎಷ್ಟು ಜೀವ? ಉಳ ಸಾಯೋದಾದ್ರೆ ನಂಗೆ ಬ್ಯಾಡ. ಕೂಲಿಗೆ ಓಯ್ತೀನಿ."

ಉತ್ತರ ನನಗೆ ಗೊತ್ತಿತ್ತು. ಗೂಡನ್ನು ಕುದಿಯುವ ನೀರಿಗೆ ಹಾಕಿದರೆ ಮಾತ್ರ ಎಳೆ ಬಿಚ್ಚಿಕೊಳ್ಳುತ್ತದೆ, ಹುಳು ಒಳಗೇ ಬೇಯುತ್ತದೆ — ಕೊಳ್ಳೇಗಾಲದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ಹುಳುವಿನ ಮನೆ ಎದ್ದು ನಿಂತಿದೆ, ಮಂಡಳಿಯಲ್ಲಿ "ನನ್ನ ಜವಾಬ್ದಾರಿ" ಎಂದು ಎದೆ ತಟ್ಟಿ ಹೇಳಿ ಬಂದಿದ್ದೇನೆ. ಈಗ ಬರಿಗೈಯಲ್ಲಿ ವಾಪಸು ಹೋಗುವುದೆಂದರೆ —

"ಸಾಯಾಕಿಲ್ಲ ಕಣ್ರಮ್ಮ. ಚಿಟ್ಟೆ ಆಗಿ, ಗೂಡು ತೂತ್ ಮಾಡ್ಕಂಡು ಆರೋಯ್ತದೆ. ಆಮೇಲೇ ನೂಲು ತಗ್ಯೋದು" ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಬಿತ್ತನೆಗೆ ಇಟ್ಟ ಗೂಡುಗಳಿಂದ ಮೊಟ್ಟೆಗಾಗಿ ಚಿಟ್ಟೆಯನ್ನು ಹೊರಬರಲು ಬಿಡುತ್ತಾರೆ. ಸಾವಿರದಲ್ಲಿ ಒಂದು ಪಾಲು ಅಂಥವು. ಅಂಥ ತೂತು ಗೂಡುಗಳನ್ನು ಮುಂದಿನ ವಾರ ಒಂದು ಬೊಗಸೆ ಹುಡುಕಿ ತಂದು ತೋರಿಸಿದೆ. ಮಾತಿನ ಸುಳ್ಳು ಬಾಯಿತಪ್ಪಿ ಬಂತು ಎನ್ನಬಹುದು. ತೂತು ಗೂಡು ಹುಡುಕಿಕೊಂಡು ಬಿತ್ತನೆ ಮನೆಯ ತನಕ ನಡೆದದ್ದು ನನ್ನ ಕಾಲು. ಡೋಲ್ಕರಮ್ಮ ಆ ತೂತಿನಲ್ಲಿ ಬೆರಳಿನ ತುದಿ ಆಡಿಸಿ ನೋಡಿದರು. ಒಂದು ಗೂಡನ್ನು ದೇವರ ಪಟದ ಮುಂದೆ ಇಟ್ಟರು.

ನಾಲ್ಕು ವರ್ಷ ಅವರು ಬೆಳೆ ತೆಗೆದರು. ನನಗಿಂತ ಚೆನ್ನಾಗಿ ತೆಗೆದರು — ಈ ಮಾತು ಬರೆಯಲು ಈಗಲೂ ನನಗೆ ಸ್ವಲ್ಪ ಕಷ್ಟವೇ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಸೊಪ್ಪು ಬಿಟ್ಟು ಸುಮ್ಮನಾದಾಗ, ಆಕೆ ಪಿಸುಮಾತಿನಲ್ಲಿ ಏನೋ ಪಠಿಸುತ್ತ ಪಕ್ಕದಲ್ಲೇ ಕೂರುತ್ತಿದ್ದರು. ಗೂಡುಗಳನ್ನು ನನ್ನ ಯಜಮಾನರೇ ಹೋಗಿ ತಂದು, ನಮ್ಮ ಗೂಡಿನ ಜೊತೆ ಮಾರುಕಟ್ಟೆಗೆ ಹಾಕುತ್ತಿದ್ದರು. ಡೋಲ್ಕರಮ್ಮ ಮಾರುಕಟ್ಟೆಯ ಕಡೆ ಬರದಂತೆ ನಾನೇ ನೋಡಿಕೊಂಡಿದ್ದೆ. ತೂಕದ ಚೀಟಿಗಳನ್ನು ಮಾತ್ರ ಆಕೆ ಕೇಳಿ ಪಡೆದು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಡುತ್ತಿದ್ದರು. ಪೇಮಾ ಶಾಲೆಗೆ ಹೋದಳು. ಎರಡು ಕೋಣೆಯ ಸ್ವಂತ ಮನೆಯಾಯಿತು. ಮಂಡಳಿಯವರು ನನಗೆ ಹಾರ ಹಾಕಿ ಫೋಟೋ ತೆಗೆಸಿದರು.

ಐದನೆಯ ವರ್ಷ ಯಳಂದೂರಿನಲ್ಲಿ ನನ್ನ ತಮ್ಮನ ಮದುವೆ. ಆ ವಾರ ಗೂಡು ತರಲು ಯಾರೂ ಹೋಗಲಿಲ್ಲ. ಮಾರುವ ದಿನ ತಪ್ಪುತ್ತದೆಂದು ಡೋಲ್ಕರಮ್ಮ ತಾವೇ ಮೂಟೆ ಕಟ್ಟಿ ಬಸ್ಸಿಗೆ ಹಾಕಿಸಿಕೊಂಡು, ಹೊಸ ಚೀಟಿಗೆಂದು ಡಬ್ಬವನ್ನೂ ಹಿಡಿದು ಕೊಳ್ಳೇಗಾಲಕ್ಕೆ ಬಂದರು. ಮಾರಿದ ಮೇಲೆ, ತಮ್ಮ ಗೂಡು ಕೊಂಡವನ ಕೈಗಾಡಿಯ ಹಿಂದೆಯೇ ನಡೆದು ಹೋದರಂತೆ — ಚಿಟ್ಟೆ ಹಾರುವುದನ್ನು ಒಂದು ಸಲ ನೋಡಬೇಕೆಂಬ ಆಸೆಯಿಂದ.

ಅವರು ಕಂಡದ್ದು ನೂಲು ತೆಗೆಯುವ ಕೊಟ್ಟಿಗೆ. ಹೊಗೆ, ಕುದಿಯುವ ನೀರು, ಅದರಲ್ಲಿ ತಿರುಗುತ್ತಿರುವ ಗೂಡು. ಹೊರಗೆ ಗೋಣಿತಾಟಿನ ಮೇಲೆ ಒಣಗಲು ಹರಡಿದ್ದ ಬೆಂದ ಹುಳುಗಳು, ಅವನ್ನು ಹೆಕ್ಕುತ್ತಿದ್ದ ಕೋಳಿಗಳು.

ಮಾರನೆಯ ದಿನ ಮಧ್ಯಾಹ್ನ, ನಾನು ಮದುವೆಯಿಂದ ಬಂದು ಸೀರೆ ಬದಲಿಸುವ ಮೊದಲೇ, ಅವರು ನಮ್ಮ ಜಗಲಿಯಲ್ಲಿ ಕೂತಿದ್ದರು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲೇ ಕಳೆದಿದ್ದರು. ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ನಾನು ಉಟ್ಟಿದ್ದದ್ದು ರೇಷ್ಮೆ ಸೀರೆ. ಸೆರಗು ಎಲ್ಲಿ ಬಚ್ಚಿಡಲಿ ಎಂದು ತೋಚದೆ ನಿಂತೆ. ಬೈಯಲಿ, ಶಾಪ ಹಾಕಲಿ, ನೆರೆಹೊರೆಯವರನ್ನು ಕರೆಯಲಿ — ಎಲ್ಲಕ್ಕೂ ಸಿದ್ಧಳಾಗಿದ್ದೆ. ಅವರು ಚೀಟಿಗಳ ಡಬ್ಬವನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೇ ಒಂದು ಮಾತು ಕೇಳಿದರು.

"ಈಗ ಸುಳ್ಳೇಳ್ಬ್ಯಾಡ ಗೌರಮ್ಮ. ಒಂದ್ ಕೆ.ಜಿ.ಗೆ ಎಷ್ಟ್ ಗೂಡು ಬತ್ತದೆ?"

ನಾನು ಅವರ ಪಾದ ಹಿಡಿದು ಅಳುತ್ತಿದ್ದೆ. ನಿಜವಾದ ಅಳುವೇ. ಆ ಅಳುವಿನ ನಡುವೆಯೇ ನನ್ನ ಬಾಯಿ ಹೇಳಿತು:

"ಮುನ್ನೂರು ಬತ್ತದೆ ಕಣ್ರಮ್ಮ."

ಆರುನೂರರ ಮೇಲೆ ಬರುತ್ತದೆ. ಹುಟ್ಟಿದಂದಿನಿಂದ ಗೂಡಿನ ನಡುವೆ ಬೆಳೆದವಳು ನಾನು, ಕೈಯಲ್ಲಿ ಹಿಡಿದರೇ ಹೇಳಬಲ್ಲೆ. ಅವರ ಎದೆಭಾರ ಕಡಿಮೆಯಾಗಲಿ ಎಂದು ಅರ್ಧ ಹೇಳಿದೆ ಅಂದುಕೊಂಡು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಇಲ್ಲ. ನನ್ನ ತಪ್ಪು ಅವರ ಕಣ್ಣಿಗೆ ಅರ್ಧವಾಗಿ ಕಾಣಲಿ ಎಂದು ಹೇಳಿದೆ. ಮೊದಲ ಸುಳ್ಳು ಸಿಕ್ಕಿಬಿದ್ದು ಗಳಿಗೆಯೂ ಆಗಿರಲಿಲ್ಲ. ಸುಳ್ಳು ಹೇಳಬೇಡ ಎಂದು ಕೇಳಿಕೊಂಡವರ ಪಾದ ಕೈಯಲ್ಲೇ ಇತ್ತು.

ಅವರು ನಂಬಿದರು. ಪಾದ ಹಿಡಿದವಳು ಮತ್ತೆ ಸುಳ್ಳು ಹೇಳುತ್ತಾಳೆಂದು ಅವರಿಗೆ ಹೊಳೆಯಲೇ ಇಲ್ಲ.

ಆ ಲೆಕ್ಕ ಯಾತಕ್ಕೆಂದು ನನಗೆ ತಿಂಗಳ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತು ಜೋಳ ಹಾಕಿದ್ದರು. ಅಂಗಳದಲ್ಲಿ ಉದ್ದನೆಯ ಹಲಗೆ ಹಾಸಿ, ಡೋಲ್ಕರಮ್ಮ ಅದರ ಮೇಲೆ ದೀರ್ಘದಂಡ ನಮಸ್ಕಾರ ಹಾಕುತ್ತಿದ್ದರು. ಕೈ ಮುಗಿದು, ಮಂಡಿಯೂರಿ, ಉದ್ದಕ್ಕೆ ಮಲಗಿ, ಮತ್ತೆ ಎದ್ದು. ಸತ್ತ ಒಂದು ಹುಳುವಿಗೆ ಒಂದು ನಮಸ್ಕಾರ. ಡಬ್ಬದ ಚೀಟಿಗಳಲ್ಲಿದ್ದ ಅಷ್ಟೂ ಕೆ.ಜಿ., ಕೆ.ಜಿ.ಗೆ ಮುನ್ನೂರರಂತೆ. ನೂರಾದಾಗ ಒಂದು ಜೋಳದ ಕಾಳನ್ನು ಡಬ್ಬಕ್ಕೆ ಹಾಕುತ್ತಿದ್ದರು.

ಹತ್ತಿರ ಹತ್ತಿರ ಐದು ವರ್ಷ. ಹಗಲು ಕೂಲಿ ಕೆಲಸ, ಬೆಳಿಗ್ಗೆ ಸಂಜೆ ಹಲಗೆ. ಮಂಡಿ ಊದಿಕೊಂಡವು, ಹಲಗೆ ಸವೆದು ನುಣುಪಾಯಿತು. ನಾನು ಹೋಗುತ್ತಿದ್ದೆ, ಮಂಡಿಗೆ ಹಚ್ಚಲು ಎಣ್ಣೆ ಕೊಡುತ್ತಿದ್ದೆ, ಪೇಮಾಳ ಫೀಸು ಕಟ್ಟುತ್ತಿದ್ದೆ — ಒಂದು ಮಾತು ಬಿಟ್ಟು ಎಲ್ಲ ಕೊಟ್ಟೆ. ಆ ಮಂಡಿ ನೋಡಿದ ಮೇಲೆ "ನಿಜ ಲೆಕ್ಕದಲ್ಲಿ ಇನ್ನರ್ಧ ಬಾಕಿ ಇದೆ" ಎಂದು ಹೇಗೆ ಹೇಳಲಿ? ಹೇಳದೇ ಹೇಗಿರಲಿ? ಹೇಳದೇ ಇರುವುದು ಸುಲಭವಾಗಿತ್ತು.

ಒಂದು ದಿನ ಪೇಮಾ ಬಂದು ಕರೆದುಕೊಂಡು ಹೋದಳು. ಡೋಲ್ಕರಮ್ಮ ನನಗೆ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರು, ಬಿಳಿ ಶಲ್ಯ ತಂದು ಕೊರಳಿಗೆ ಹಾಕಿದರು. ಅಷ್ಟು ಹಗುರವಾದ ಮುಖವನ್ನು ನಾನು ಅವರಲ್ಲಿ ಅಲ್ಲಿಯವರೆಗೆ ನೋಡಿರಲಿಲ್ಲ.

"ಮುಗೀತು ಗೌರಮ್ಮ. ಒಂದನ್ನೂ ಬಿಟ್ಟಿಲ್ಲ. ಕೊನೇಗೆ ನಿನ್ನ ಎಸ್ರಲ್ಲೂ ನೂರೆಂಟು ಆಕಿವ್ನಿ. ನೀನೂ ಇನ್ನು ಅಳ್ಬ್ಯಾಡ."

ನಾನು ಚಹಾ ಕುಡಿದೆ. ಶಲ್ಯ ಹೊದ್ದುಕೊಂಡೇ ಬಸ್ಸು ಹತ್ತಿದೆ.

ಮರುವರ್ಷವೇ ಅವರು ತೀರಿಕೊಂಡರು. ಅಮ್ಮ ನೆಮ್ಮದಿಯಾಗಿ ಹೋದಳು ಎಂದು ಪೇಮಾ ಹೇಳಿದಾಗ ನನಗೆ ಸಮಾಧಾನವಾಯಿತು. ನಾಚಿಕೆಯಿಲ್ಲದ ಸಮಾಧಾನ. ಅದನ್ನೇ ಇಷ್ಟು ವರ್ಷ ಹೊದ್ದುಕೊಂಡು ಕೂತಿದ್ದೇನೆ. ಪೇಮಾಳಿಗೂ ಈಗ ಮಕ್ಕಳಿದ್ದಾರೆ. ನಿಜ ಹೇಳಿದರೆ ಉಳಿದರ್ಧ ತೀರಿಸಲು ಅವಳು ತಾಯಿಯ ಹಲಗೆಯನ್ನು ಮತ್ತೆ ಅಂಗಳದಲ್ಲಿ ಹಾಸುತ್ತಾಳೆ — ನನಗೆ ಗೊತ್ತು, ಅವಳು ಡೋಲ್ಕರಮ್ಮನ ಮಗಳು. ಆ ಭಯವನ್ನೇ ಮುಂದಿಟ್ಟುಕೊಂಡು ನಾನು ಬಾಯಿ ಮುಚ್ಚಿಕೊಂಡೆ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ. ಹೇಳುತ್ತೇನೆ. ಆ ಹಲಗೆಯನ್ನು ನನಗೆ ಕೊಡು ಎಂದು ಕೇಳುತ್ತೇನೆ. ನನ್ನ ನಮಸ್ಕಾರ ಆ ಹುಳುಗಳಿಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು. ಈ ಮಂಡಿಗಳು ಎಷ್ಟು ದಿನ ಬಗ್ಗುತ್ತವೆಂದೂ ತಿಳಿಯದು, ಮುಗಿಯುವುದಂತೂ ಇಲ್ಲ. ಪೇಮಾ ಹಲಗೆ ಕೊಡದೆ ಬಾಗಿಲು ಹಾಕಿಕೊಂಡರೆ ಅದೂ ಸರಿಯೇ.

ಅವಳಿಗೆ ಹೇಳುವ ಮುಂಚೆ ನಿಮಗೆ ಹೇಳಬೇಕಿತ್ತು, ಡೋಲ್ಕರಮ್ಮ. ಅಂದು ಜಗಲಿಯಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಇದು. ಕೆ.ಜಿ.ಗೆ ಆರುನೂರರ ಮೇಲೆ ಬರುತ್ತಿತ್ತು. ನನಗೆ ಗೊತ್ತಿತ್ತು.