ಬಚ್ಚಲ ಮೆಟ್ಟಿಲು

ನೀರು ಹಾಕುವ ಅಜ್ಜಿಯ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಊರವರ ಮಕ್ಕಳಿಗೆಲ್ಲ ಹರಳೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಹೊಯ್ದು ಸವೆದುಹೋಗಿದ್ದವು. ವೈದ್ಯನಾಥಪುರದಿಂದ ಮೊದಲ ಬಸ್ಸಿಗೆ ಮದ್ದೂರಿನ ನಮ್ಮ ಮನೆಗೆ ಬಂದು ನನ್ನ ಮಗುವಿಗೆ ನೀರು ಹಾಕುತ್ತಿದ್ದಳು. ನಾನು ಬಸುರಿಯಾಗಿದ್ದಾಗಲೇ ಗಂಡ ತೀರಿಕೊಂಡಿದ್ದರು.

ಕಾಲು ಚಾಚಿ ಮಗುವನ್ನು ಅದರ ಮೇಲೆ ಮಲಗಿಸಿಕೊಂಡು, ಚೊಂಬು ಎತ್ತುವ ಮುಂಚೆ ಬಚ್ಚಲ ಮೆಟ್ಟಿಲ ಕಡೆ ತಿರುಗಿ, “ವಸಿ ಸರ್ಕಳಪ್ಪಾ, ಬಿಸ್ನೀರು” ಅನ್ನುವಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಬೆಕ್ಕಿಗಿರಬೇಕು ಅಂದುಕೊಂಡಿದ್ದೆ. ಆದರೆ ಮಗುವೂ ಅತ್ತಲೇ ನೋಡುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

“ನಿನ್ ಗಂಡ ಕಣಮ್ಮ. ಮಗೀನ ನೋಡಕ್ ಬಂದು ಕುಂತವ್ನೆ. ಎದ್ದೋಗು ಅನ್ನಕಾಯ್ತದಾ?”

ಅಂದಿನಿಂದ ಆ ಮೆಟ್ಟಿಲನ್ನು ತುಳಿಯದೆ ದಾಟತೊಡಗಿದೆ.

ಮಂಜ ನನ್ನ ಕಾಲೇಜು ಗೆಳೆಯ, ವಿ.ಸಿ. ಫಾರಂನ ಕೃಷಿ ಕೇಂದ್ರದಲ್ಲಿ ಕೆಲಸ. ಹೆಂಡತಿ ಬಿಟ್ಟುಹೋದ ಮೇಲೆ ಪುಟ್ಟ ಮಗಳನ್ನು ಒಬ್ಬನೇ ಸಾಕುತ್ತಿದ್ದ. ಭಾನುವಾರ ಸ್ಕೂಟರಿನಲ್ಲಿ ಅವಳನ್ನು ಕರೆತರುವನು. ಅವಳಿಗೆ ನಾನು ಜಡೆ ಹಾಕಬೇಕು. ನನ್ನ ಮಗನಿಗೆ ಅವನು ಡೈಪರ್ ಹಾಕುವನು, ಅದೂ ಹಿಂದುಮುಂದಾಗಿ. ಮೊದಲ ಸಲ ಬಂದವನು ಹೋಗಿ ಆ ಮೆಟ್ಟಿಲ ಮೇಲೇ ಕೂತ.

“ಲೇ, ಏಳ್ಲಾ! ಅಲ್ಲಿ ಜನ ಅವ್ರೆ!” ಅಜ್ಜಿ ಗದರಿದಳು.

ಎಗರಿದವನು ಒದ್ದೆ ಬಟ್ಟೆಯ ಬಕೆಟ್ಟಿನೊಳಕ್ಕೆ ಬಿದ್ದ. ಮಗಳು ಕೇಕೆ ಹಾಕಿ ನಕ್ಕಳು. ಆಮೇಲೆ ಬಕೆಟ್ ಬೋರಲು ಹಾಕಿಕೊಂಡು ದೂರದಲ್ಲೇ ಕೂರುತ್ತಿದ್ದ. ಅಲ್ಲಿಂದಲೇ ಒಂದು ಭಾನುವಾರ, “ಇಬ್ರು ಮಕ್ಳೂ ಒಂದೇ ಮನೇಲಿ ಬೆಳೀಲಿ ಕಣೆ. ನಾವೂ ಅಲ್ಲೇ ಇರನ” ಅಂದ. ನನಗೂ ಅದೇ ಬೇಕಿತ್ತು. ಆದರೆ ಕಣ್ಣು ಮೆಟ್ಟಿಲ ಕಡೆ ಹೋಯಿತು. ಅವರ ಎದುರಿಗೇ ಹೂಂ ಅನ್ನುವುದು ಹೇಗೆ? ಅವನ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದೆ.

ಮಗ ಅಂಬೆಗಾಲಿಡಲು ಕಲಿತ ಹೊತ್ತಿಗೆ, ಒಂದು ಭಾನುವಾರ ಅಜ್ಜಿ ಏನೂ ಹೇಳದೆ ನೀರು ಹೊಯ್ದಳು.

“ಸರ್ಕೊ ಅನ್ನಲೇ ಇಲ್ವಲ್ಲಜ್ಜಿ?”

“ಯಾರ್ಗಮ್ಮ ಅನ್ನನ? ಎದ್ದೋದ. ಮಗ ಕೇಕೆ ಆಕಿ ನಗದ ನೋಡ್ಕಂಡು ಒಂಟೋದ.” ಆಮೇಲೆ ಮಂಜನ ಕಡೆ ತಿರುಗಿ, “ಅಲ್ಯಾಕ್ಲಾ ಕುಂತಿದ್ದೀಯ? ಬಾ, ಇಲ್ಲಿ ಕುಂತ್ಕ” ಅಂದಳು.

ಅಳು ತಡೆಯಲಾಗಲಿಲ್ಲ. ಅಳುತ್ತಲೇ ಮಂಜನಿಗೆ ಹೂಂ ಎಂದು ತಲೆಯಾಡಿಸಿದೆ. ಅವನು ಬಂದು ಕೂತ. ಕಲ್ಲು ಬೆಚ್ಚಗಿತ್ತು ಎಂದು ಇವತ್ತಿಗೂ ಹೇಳುತ್ತಾನೆ. ಆ ವರ್ಷವೇ ಮದುವೆಯಾದೆವು.

ಅಜ್ಜಿಗೆ ನಿಜಕ್ಕೂ ಕಾಣುತ್ತಿತ್ತೋ, ನನ್ನ ಸಂಕಟ ಕಂಡಿತ್ತೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಹೋದ ಕಾರ್ತಿಕದಲ್ಲಿ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ನಾನೇ ಮಗನನ್ನು ಬಚ್ಚಲಲ್ಲಿ ನಿಲ್ಲಿಸಿ ಚೊಂಬು ಎತ್ತಿದೆ. ಅವನು ನನ್ನ ಕೈ ಹಿಡಿದುಕೊಂಡ.

“ತಡಿ ಅಮ್ಮ. ಅಜ್ಜಿ ಕುಂತದೆ.”

ಮೆಟ್ಟಿಲ ಮೇಲಿದ್ದ ಮಂಜ ಎದ್ದು ಹೋಗಿ ಬಕೆಟ್ ಬೋರಲು ಹಾಕಿದ. ನನಗೆ ಭಯವಾಗಲಿಲ್ಲ.

“ವಸಿ ಸರ್ಕಳಜ್ಜಿ, ಬಿಸ್ನೀರು” ಅಂದೆ.