ಕೋಟೆಗೆ ಒಯ್ದ ಗೂಢಚಾರರ ಆಟ

ನಮ್ಮ ಡ್ರಾಯಿಂಗ್ ಮೇಷ್ಟ್ರ ಬಲಗೈ ಕಿರುಬೆರಳಿನ ಅಂಚು ಯಾವಾಗಲೂ ಇಂಕಿನಿಂದ ಕಪ್ಪಾಗಿರುತ್ತಿತ್ತು. ನಿವೃತ್ತರಾದ ಮೇಲೂ ಅದು ಹೋಗಲಿಲ್ಲ, ನಕ್ಷೆ ಬರೆಯುವುದನ್ನು ಅವರು ಬಿಡಲಿಲ್ಲವಲ್ಲ. ಎಲ್ಲೂ ಇಲ್ಲದ ಊರುಗಳ ನಕ್ಷೆ. ಭಾನುವಾರ ಹೊಸನಗರದ ಅವರ ಮನೆಯಲ್ಲಿ ಅದನ್ನು ಮೇಜಿನ ಮೇಲೆ ಹರಡಿ ನಾವು ನಾಲ್ಕು ಜನ ಗೂಢಚಾರರಾಗುತ್ತಿದ್ದೆವು. ಮೇಷ್ಟ್ರು ಕತೆ ಕಟ್ಟುವರು. ನಮ್ಮ ಪಾತ್ರ ಏನು ಮಾಡುತ್ತದೆಂದು ನಾವು ಹೇಳಬೇಕು. ತಪ್ಪಿಸಿಕೊಂಡೆವೋ ಸಿಕ್ಕಿಬಿದ್ದೆವೋ ಎಂಬುದನ್ನು ದಾಳ ತೀರ್ಮಾನಿಸುತ್ತಿತ್ತು.

ಆಟದಲ್ಲಿ ಎಲ್ಲರಿಗೂ ಸುಳ್ಳು ಹೆಸರು. ನಡುವೆ ಮೇಷ್ಟ್ರು ಏನೂ ಗೊತ್ತಿಲ್ಲದವರ ಹಾಗೆ ನಿಜ ಹೆಸರು ಹಿಡಿದು, ಟೀ ತಗೊಳ್ಳೋ ಎನ್ನುವರು. ತಿರುಗಿ ನೋಡಿದರೆ ಮುಗಿಯಿತು. "ಸತ್ತೆ ಕಣೋ. ಟೀ ಕುಡ್ದು ಮೂಲೇಲಿ ಕೂತ್ಕೊ." ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಎಷ್ಟೋ ಸಲ ಹಾಗೆ ಸತ್ತು, ಕೊನೆಗೆ ಪಳಗಿದ.

ಕಳೆದ ಬೇಸಿಗೆಯಲ್ಲಿ ಆಟವನ್ನು ಬಿದನೂರು ನಗರದ ಕೋಟೆಗೆ ಒಯ್ದೆವು. ಹಾಸುಗಲ್ಲಿನ ಮೇಲೆ ನಕ್ಷೆ, ದಾಳ. "ಕತ್ತಲಾದ್ಮೇಲೆ ಒಳಗಿಳೀತೀನಿ. ಪೆಟ್ಟಿಗೆ ಸಿಕ್ಕಿದ್ರೆ ಸೀದಾ ಗಡಿ ದಾಟೋದೇ" ಎಂದು ಗೆಳೆಯ ಜೋರಾಗಿ ಹೇಳಿದ. ಹಿಂದೆ ಆರೇಳು ಗಂಡಸರು ನಿಂತು ಕೇಳುತ್ತಿದ್ದರು.

"ನಿಧಿ ತೆಗೆಯೋಕೆ ಬಂದ್ರಾ?"

"ಇದು ಆಟ ಮಾರಾಯ್ರೆ" ಎಂದರು ಮೇಷ್ಟ್ರು.

"ಈ ವಯಸ್ಸಲ್ಲಿ ಆಟನಾ ಅಜ್ಜ? ನಿಧಿ ಎಲ್ಲಿದೆ ಅಂತ ಕವಡೆ ಬೇರೆ ಹಾಕ್ತಿದಾರೆ ನೋಡ್ರೋ." ಅವರಲ್ಲೊಬ್ಬ ಗೆಳೆಯನ ಕಾಲರ್ ಹಿಡಿದ. "ನಿನ್ ಹೆಸರೆಂತ?"

ಗೆಳೆಯ ಆಟದ ಹೆಸರು ಹೇಳಿಬಿಟ್ಟ. ಜೇಬಿನಿಂದ ಕಿತ್ತ ಲೈಸೆನ್ಸಿನಲ್ಲಿ ಬೇರೆಯೇ ಹೆಸರು.

ಅಷ್ಟು ಸಾಕಾಯಿತು. ದೊಣ್ಣೆ ಎದ್ದಿತು. "ಆ ಹೆಸರಿಟ್ಟವನು ನಾನು, ಅವನನ್ನ ಬಿಡಿ" ಎನ್ನುತ್ತ ಮೇಷ್ಟ್ರು ಅಡ್ಡ ಬಂದರು. ಏಟು ಅವರ ತಲೆಗೆ ಬಿತ್ತು. ಬಸ್ಸಿನಲ್ಲಿ ಕೂತಾಗ, ಅನ್ನಕ್ಕಿಡುವಾಗ ಆ ಸದ್ದು ಈಗಲೂ ಕೇಳುತ್ತದೆ. ನಾವು ಕೋಟೆಗೇ ಹೋಗದಿದ್ದರೆ, ಅವನು ನಿಜ ಹೆಸರು ಹೇಳಿದ್ದರೆ ಎಂದು ಪ್ರತಿ ಸಲ ನಡೆದದ್ದನ್ನು ತಿದ್ದುತ್ತೇನೆ. ತಿದ್ದಿಕೊಳ್ಳಬೇಕಾದವರು ನಾವೇನು?

ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದವನು ಅವರ ಹಳೇ ವಿದ್ಯಾರ್ಥಿ. ಬಿದ್ದಲ್ಲಿಂದಲೇ ಮೇಷ್ಟ್ರು ಅವನನ್ನು ಕರೆದರು. "ನಾನ್ಯಾರು ಅಂತ ಇವರಿಗೆ ಹೇಳೋ." ಅವನಿಗೆ ಗುರುತು ಸಿಕ್ಕಿತ್ತು. ಮೊಬೈಲು ಕೆಳಗಿಳಿಯಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು, "ಹೆಸರು ಮಾತ್ರ ಚೆನ್ನಾಗಿ ಹೇಳಿದೆ ಕಣೋ" ಎಂದು ಗೆಳೆಯನನ್ನು ಛೇಡಿಸಿದರು. ಅವನು ಅತ್ತುಬಿಟ್ಟ. ಮಳೆ ಹಿಡಿಯುವ ಮೊದಲೇ ಮೇಷ್ಟ್ರು ಹೋದರು. ಸಾವಿಗೆ ಬಂದವರು, ವಯಸ್ಸಾದವರಿಗೆ ಈ ಹುಡುಗಾಟ ಬೇಕಿತ್ತಾ ಎಂದು ಮಾತಾಡಿಕೊಂಡರು. ಹೊಡೆದವರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಕೇಸಿಗೆ ನಾನು ಸಾಕ್ಷಿ. ಮೊನ್ನೆ ಆ ಹಳೇ ವಿದ್ಯಾರ್ಥಿ ತನ್ನ ಮಾವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ.

"ಅಕ್ಕಾ, ನಾ ಹೊಡೀಲಿಲ್ಲ. ಬರೀ ವಿಡಿಯೊ ಮಾಡಿದ್ದು. ನನ್ನೊಬ್ಬನ್ನ ಬಿಟ್ಬಿಡಿ."

"ಮೇಷ್ಟ್ರು ಇದ್ದಿದ್ರೆ ಕ್ಷಮಿಸ್ತಿದ್ರು ತಂಗಿ" ಎಂದ ಮಾವ.

"ಅವರು ಇದ್ದಿದ್ರೆ ನೀವು ನನ್ನ ಹತ್ರ ಬರ್ತಿರಲಿಲ್ಲ" ಎಂದೆ.

ಬಾಗಿಲು ಹಾಕಿ ಚಿಲಕ ಸಿಕ್ಕಿಸಿದೆ. ಕಂಡದ್ದನ್ನು ಹೇಳಿಯೇ ಕೋರ್ಟಿನ ಕಟಕಟೆ ಇಳಿಯುತ್ತೇನೆ.